ಚಲುವಯ್ಯನ ಬೀಡಿಕಟ್ಟು ಕ್ಯಾಮೆರಾ

ಮೊದಲೇ ಹೇಳಿಬಿಡುತ್ತೇನೆ, ಚಲುವಯ್ಯನನ್ನು ಕಂಡರೆ ನನಗೆ ಹನ್ನೆರಡು ವರ್ಷ ಸಿಡುಕೇ. ಪಿರಿಯಾಪಟ್ಟಣದ ಬಸ್‌ಸ್ಟ್ಯಾಂಡಿನ ಹಿಂದೆ ನನ್ನದೊಂದು ಫೋಟೋ ಸ್ಟುಡಿಯೋ. ಮದುವೆ, ನಾಮಕರಣ, ಪಾಸ್‌ಪೋರ್ಟ್ ಸೈಜು, ಗಂಡಿನ ಮನೆಗೆ ಕಳಿಸುವ ಹುಡುಗಿಯರ ಫೋಟೋ, ಇಷ್ಟರಲ್ಲೇ ನನ್ನ ಕಸುಬು ನಡೆಯುತ್ತಿತ್ತು. 1992ರ ಒಂದು ಮಧ್ಯಾಹ್ನ ರಾವಂದೂರು ಕಡೆಯ ಈ ರೈತ ಬಂದು ಅಂಗಿ ಜೇಬಿನಿಂದ ಏನೋ ತೆಗೆದು ಕೌಂಟರಿನ ಮೇಲಿಟ್ಟ. ನಾನು ಬೀಡಿಕಟ್ಟು ಅಂದುಕೊಂಡು, "ಇಲ್ಲಿ ಸೇದೋ ಹಾಗಿಲ್ಲ" ಎಂದೆ.

"ಬೀಡಿಯಲ್ಲ ಕಣ್ರೀ, ಕ್ಯಾಮ್ರ," ಎಂದ. ಎರಡು ತುದಿ ಹಿಡಿದು ಎಳೆದ. ಅದು ಕಿರ್ ಎಂದು ಉದ್ದವಾಯಿತು. ಒತ್ತಿದ, ಮತ್ತೆ ಬೀಡಿಕಟ್ಟಾಯಿತು. "ಇದುಕ್ಕೆ ಫಿಲಂ ಕೊಡಿ."

ನೋಡಿದರೆ ಜಪಾನಿನ ಮಿನೋಲ್ಟಾ-16. ಪುಸ್ತಕದಲ್ಲಿ ಓದಿದ್ದೆನೇ ಹೊರತು ಕಣ್ಣಾರೆ ಕಂಡಿದ್ದು ಅವತ್ತೇ. ಬೈಲುಕುಪ್ಪೆಯ ಟಿಬೆಟಿಯನ್ ಮುದುಕಿ ಡೋಲ್ಮಾ ಎಂಬುವಳ ಜೋಳದ ಹೊಲವನ್ನು ಚಲುವಯ್ಯ ವಾರಕ್ಕೆ, ಅಂದರೆ ಬೆಳೆಯ ಪಾಲಿಗೆ, ಮಾಡುತ್ತಿದ್ದನಂತೆ. ಅವಳಿಗೆ ಸಹಾಯ ಮಾಡುತ್ತಿದ್ದ ವಿದೇಶದವರು ಯಾರೋ ಬಿಟ್ಟುಹೋದ ಸಾಮಾನು ಅದು. ಫಿಲಂ ಸಿಗದ ಕ್ಯಾಮೆರಾ ತನಗೆ ಯಾಕೆಂದು ಅವಳು ಇವನಿಗೆ ಕೊಟ್ಟುಬಿಟ್ಟಿದ್ದಳು.

ನಾನು ಸಮಾಧಾನದಿಂದಲೇ ತಿಳಿಸಿ ಹೇಳಿದೆ. ಇದರ ಫಿಲಂ ಮಾಮೂಲಿ ರೋಲಿನ ಅರ್ಧದಷ್ಟೂ ಅಗಲ ಇಲ್ಲ. ಅದು ಬರುವುದು ಪುಟ್ಟದೊಂದು ಪ್ಲಾಸ್ಟಿಕ್ ಡಬ್ಬಿಯಲ್ಲಿ, ಒಂದು ಬದಿಯ ಕೋಣೆಯಿಂದ ಇನ್ನೊಂದು ಬದಿಯ ಕೋಣೆಗೆ ಸುತ್ತಿಕೊಳ್ಳುತ್ತದೆ. ಅಂಥ ಡಬ್ಬಿ ಮೈಸೂರಿನಲ್ಲೂ ಇಲ್ಲ, ಬೆಂಗಳೂರಿನಲ್ಲೂ ಇಲ್ಲ. ಇದಕ್ಕೆ ಫಿಲಂ ಹುಡುಕುವುದೂ ಒಂದೇ, ಬೋಳುತಲೆಯಲ್ಲಿ ಹೇನು ಹುಡುಕುವುದೂ ಒಂದೇ. ಅವನು ಎಲ್ಲವನ್ನೂ ಕೇಳಿಸಿಕೊಂಡು, "ಅಂಗಾರೆ ಅಗಲದ್ದನ್ನೇ ಸೀಳುದ್ರೆ?" ಎಂದ. ನಾನು ನಕ್ಕುಬಿಟ್ಟೆ.

ನಕ್ಕಿದ್ದು ತಪ್ಪಾಯಿತು. ತಿಂಗಳೊಪ್ಪತ್ತಿನಲ್ಲಿ ಬೀಟೆಮರದ ತುಂಡೊಂದನ್ನು ಹಿಡಿದು ಬಂದ. ಅದರಲ್ಲಿ ತೋಡು ಕೊರೆದು, ಗಡ್ಡ ಕೆರೆಯುವ ಬ್ಲೇಡನ್ನು ಎರಡು ಹೋಳು ಮಾಡಿ ಹದಿನಾರು ಮಿಲಿಮೀಟರ್ ಅಂತರದಲ್ಲಿ ಕೂರಿಸಿದ್ದ. ಮಾಮೂಲಿ ರೋಲನ್ನು ಕತ್ತಲೆಯಲ್ಲಿ ಅದರೊಳಗೆ ತೂರಿಸಿ ಎಳೆದರೆ, ಎರಡು ಅಂಚಿನ ತೂತಿನ ಪಟ್ಟಿಗಳು ಕಳಚಿ ಬಿದ್ದು, ನಡುವಿನ ಪಟ್ಟಿ ಬೇಕಾದ ಅಗಲಕ್ಕೆ ಉಳಿಯುತ್ತಿತ್ತು. ಡೋಲ್ಮಾ ಕೊಟ್ಟಿದ್ದ ಖಾಲಿ ಡಬ್ಬಿ ಒಂದೇ. ಅದನ್ನೇ ಬಿಚ್ಚಿ ತುಂಬುವುದು, ತೆಗೆಯುವುದು, ಮತ್ತೆ ತುಂಬುವುದು. ಒಂದು ರೋಲಿಗೆ ಮೂರು ಸಲ ಡಬ್ಬಿ ತುಂಬುತ್ತಿತ್ತು, ಒಂದು ಡಬ್ಬಿಗೆ ಇಪ್ಪತ್ತು ಫೋಟೋ.

ಈ ಕೆಲಸವನ್ನು ನನ್ನ ಡಾರ್ಕ್‌ರೂಮಿನಲ್ಲೇ ಮಾಡಿಕೊ ಎಂದು ದೊಡ್ಡ ಮನಸ್ಸು ಮಾಡಿದೆ. ಅವನು ಒಳಗೆ ಹೋಗಿ ಒಂದು ನಿಮಿಷ ನಿಂತು ಹೊರಗೆ ಬಂದ.

"ನಿಮ್ಮ ಕತ್ಲೆ ತೂತು ಕಣ್ರೀ," ಎಂದ. "ನನ್ ಬ್ಯಾರನ್ ಕತ್ಲೆ ಗಟ್ಟಿ."

ಬ್ಯಾರನ್ ಎಂದರೆ ಹೊಗೆಸೊಪ್ಪು ಹದ ಮಾಡುವ ಮನೆ. ನಮ್ಮ ಪಿರಿಯಾಪಟ್ಟಣ, ಹುಣಸೂರು ಕಡೆ ಹೊಲಕ್ಕೊಂದರಂತೆ ಎದ್ದು ನಿಂತಿರುತ್ತವೆ. ಕಿಟಕಿಯಿಲ್ಲದ ಎತ್ತರದ ಗೋಡೆ, ಒಳಗೆ ಮೇಲಿನವರೆಗೂ ಸೊಪ್ಪು ನೇತುಹಾಕುವ ಗಳಗಳು, ಹೊರಗಿನಿಂದ ಸೌದೆ ಹಾಕುವ ಒಲೆ. ಶಾಖ ನೋಡಲು ಗೋಡೆಯಲ್ಲಿ ಅಂಗೈಯಗಲದ ಒಂದು ಗಾಜು, ಒಳಗಡೆ ಅದರ ಎದುರಿಗೆ ಥರ್ಮಾಮೀಟರು. ಸೊಪ್ಪಿನ ಕಾಲ ಮುಗಿದ ಮೇಲೆ ಆರೇಳು ತಿಂಗಳು ಬ್ಯಾರನ್ ಖಾಲಿ. ಆಗ ಆ ಗಾಜಿಗೆ ಗೋಣಿತಾಟು ತುರುಕಿದರೆ ಒಳಗೆ ಹಗಲಲ್ಲೂ ಕೈಗೆ ಕೈ ಕಾಣುತ್ತಿರಲಿಲ್ಲ. ಸೊಪ್ಪನ್ನು ಮುಟ್ಟಿಯೇ ಹದ ಹೇಳುವ ಬೆರಳು ಅವನದು. ಫಿಲಮ್ಮಿನ ಅಂಟುಬದಿ ಯಾವುದು, ಜಾರುಬದಿ ಯಾವುದು ಎಂದು ಹೇಳಲು ಅದಕ್ಕೆ ದೀಪ ಬೇಕಿರಲಿಲ್ಲ. ಹೆಂಡತಿ ಚಿಕ್ಕಬೀರಮ್ಮ ಬಾಗಿಲ ಮುಂದೆ ಕೂತು ಯಾರೂ ತೆಗೆಯದಂತೆ ಕಾಯುತ್ತಿದ್ದಳು.

ತೊಳೆಯುವ ಪಾಡು ಮಾತ್ರ ನನ್ನದು. ಮೈಸೂರಿನ ಕಲರ್ ಲ್ಯಾಬಿನ ಮಿಷನ್ನು ಇಷ್ಟು ಸಣ್ಣ ಪಟ್ಟಿಯನ್ನು ಮುಟ್ಟುವುದಿಲ್ಲ. ಹಾಗಾಗಿ ಅವನಿಗೆ ಕಪ್ಪುಬಿಳುಪು ರೋಲೇ ಬೇಕು, ಅದನ್ನು ನನ್ನ ತಟ್ಟೆಯಲ್ಲಿ ಕೈಯಿಂದಲೇ ತೊಳೆಯಬೇಕು. ಬೆರಳುಗುರಿನಷ್ಟು ನೆಗೆಟಿವ್ ಇಟ್ಟುಕೊಂಡು ಪೋಸ್ಟ್‌ಕಾರ್ಡ್ ಸೈಜಿಗೆ ಹಿಗ್ಗಿಸುವಷ್ಟರಲ್ಲಿ ನನ್ನ ಕಣ್ಣುಗುಡ್ಡೆ ಈಚೆ ಬರುತ್ತಿತ್ತು. ಅಷ್ಟು ಮಾಡಿ ನೋಡಿದರೆ ಎತ್ತು! ಇಲ್ಲವೇ ಹುಣಸೇಮರ. ಇಲ್ಲವೇ ಗುಡಾರ ಕಿತ್ತುಕೊಂಡು ಹೊರಟ ಟೂರಿಂಗ್ ಟಾಕೀಸಿನವರು.

"ಏನಯ್ಯಾ ಇದು, ಮನೆ ಜನ ಇಲ್ಲವಾ ನಿನಗೆ?" ಎಂದು ಒಂದು ದಿನ ರೇಗಿದೆ.

"ಆ ಎತ್ನ ಚುಂಚನಕಟ್ಟೆ ಜಾತ್ರೇಲಿ ಮಾರ್ಬುಟ್ಟೆ. ಆ ಮರ ಕಡುದ್ರು. ಓಗೋವುನ್ನ ತೆಗೀಬೇಕು ಕಣ್ರೀ. ಮನೇಲಿರೋಳು ಎಲ್ಲಿಗೆ ಓದಾಳು?"

ಮನೆಯಲ್ಲಿರುವವಳೆಂದರೆ ಚಿಕ್ಕಬೀರಮ್ಮ. ಅವಳಿಗೂ ಅದೇನೂ ಬೇಸರದ ವಿಷಯವಲ್ಲ, ಯಾಕೆಂದರೆ ಅವಳಿಗೆ ಫೋಟೋ ಎಂದರೆ ಆಗದು. ಅದಕ್ಕೆ ಕಾರಣ ನಾನೇ. 1989ರಲ್ಲಿ ಅವಳ ಅತ್ತೆ ಹಾಸಿಗೆ ಹಿಡಿದಾಗ, ಗೋಡೆಗೆ ಹಾಕಲು ಒಂದು ಫೋಟೋ ಇರಲಿ ಎಂದು ನೆಂಟರು ನನ್ನನ್ನು ಕರೆಸಿದ್ದರು. ಮುದುಕಿಗೆ ದಿಂಬಿನ ಒರಗು ಕೊಟ್ಟು ಕೂರಿಸಿ, ಹೊಸ ಸೀರೆ ಹೊದಿಸಿ, ಫ್ಲಾಶ್ ಹೊಡೆದೆ. ಎಂಟನೇ ದಿನಕ್ಕೆ ಜೀವ ಹೋಯಿತು. ನಮ್ಮ ಹಳ್ಳಿಗಳಲ್ಲಿ ಇದು ನಡೆದುಬಂದ ಪದ್ಧತಿ. ಹಾಸಿಗೆ ಹಿಡಿದವರಿದ್ದರೆ ಡಾಕ್ಟರು ಕೈಚೆಲ್ಲಿದ ಮೇಲೆ ಫೋಟೋದವನು. ನಾನು ಬೈಕಿನಲ್ಲಿ ಯಾವ ಬೀದಿಗೆ ತಿರುಗಿದರೂ ಜನ "ಯಾರ ಮನೇಲಪ್ಪ ತಿಥಿ?" ಎಂದು ನಗುತ್ತಿದ್ದರು. ಚಿಕ್ಕಬೀರಮ್ಮ ಮಾತ್ರ ನಗುತ್ತಿರಲಿಲ್ಲ. ನನ್ನನ್ನು ಕಂಡರೆ ಸೆರಗು ಎಳೆದುಕೊಂಡು ಒಳಗೆ ಹೋಗುತ್ತಿದ್ದಳು. ಓಟಿನ ಕಾರ್ಡಿಗೆ ಊರಲ್ಲಿ ಫೋಟೋ ತೆಗೆದ ದಿನವೂ ಅವಳು ಎನ್. ಬೇಗೂರಿನ ತವರಲ್ಲಿದ್ದಳು.

ಹೀಗೆ 2004 ಬಂತು. ಯುಗಾದಿ ಕಳೆದ ಮೇಲೆ ಚಿಕ್ಕಬೀರಮ್ಮನ ಹೊಟ್ಟೆಯಲ್ಲಿ ಗಡ್ಡೆ ಕಾಣಿಸಿಕೊಂಡಿತು. ಮೈಸೂರಿಗೆ ಎರಡು ಸಲ ಹೋಗಿ ಬಂದರು. ಮೂರನೇ ಸಲ ಡಾಕ್ಟರು, ಮನೆಯಲ್ಲೇ ಚೆನ್ನಾಗಿ ನೋಡಿಕೊಳ್ಳಿ ಎಂದು ನೋವಿನ ಮಾತ್ರೆ ಬರೆದುಕೊಟ್ಟು ಕಳಿಸಿದರು. ಮಗಳು ಪ್ರಮೀಳಾ ಹುಣಸೂರಿನ ಗಂಡನ ಮನೆಯಿಂದ ಬಂದು ಅವ್ವನ ಜೊತೆ ಉಳಿದಳು.

ಜೂನಿನಲ್ಲಿ ಚಲುವಯ್ಯ ನನ್ನ ಅಂಗಡಿಗೆ ಬಂದ. ಕೂರು ಎಂದರೂ ಕೂರಲಿಲ್ಲ.

"ಅವಳ ಒಂದು ಫೋಟ ಇಲ್ಲ ಮಹೇಂದ್ರಪ್ಪ. ಅನ್ನೆರಡು ವರ್ಸ ಊರ್ನೆಲ್ಲ ತೆಗ್ದೆ, ಅವಳ್ದೊಂದಿಲ್ಲ."

"ಬಾ, ಈಗಲೇ ಬರ್ತೀನಿ," ಎಂದು ನಾನು ಬ್ಯಾಗಿಗೆ ಕೈಹಾಕಿದೆ.

"ನೀವು ಬಂದ್ರೆ ಅವಳ ಜೀವ ಅಲ್ಲೇ ಓಯ್ತದೆ. ನಾನು ಕೇಳ್ದೆ. ಆ ಬೀಡಿಕಟ್ನಾಗಾದ್ರೆ ತೆಗಿ, ಅದು ಕ್ಯಾಮ್ರಾನೇ ಅಲ್ಲ, ಅದುಕ್ಕೆ ನಂಗೆ ಭಯ ಇಲ್ಲ ಅಂದ್ಲು. ಕಪ್ಪುಬಿಳ್ಪು ರೋಲು ಕೊಡಿ."

ನನ್ನ ಹತ್ತಿರ ಇರಲಿಲ್ಲ. ಊಟಿ ಕಾರ್ಖಾನೆಯ ಕಪ್ಪುಬಿಳುಪು ರೋಲು ಬರುವುದು ನಿಂತು ವರ್ಷಗಳಾಗಿದ್ದವು, ನಾನು ಕೂಡಿಟ್ಟಿದ್ದವೂ ಮುಗಿದಿದ್ದವು. ಕಲರ್ ರೋಲು ಗೋಡೆ ತುಂಬ ನೇತಾಡುತ್ತಿತ್ತು, ಅವನ ಕೆಲಸಕ್ಕೆ ಬರುವಂಥದು ಒಂದೂ ಇಲ್ಲ. ಇನ್ಯಾವತ್ತಾದರೂ ಆಗಿದ್ದರೆ ಹೋಗಯ್ಯ ಎಂದು ಬೈದು ಕಳಿಸುತ್ತಿದ್ದೆ. ಅವತ್ತು ಬಾಯಿ ಬರಲಿಲ್ಲ.

ಅವನು ತಾನೇ ಹುಡುಕಲು ಹೊರಟ. ಒಂದು ದಿನ ಹುಣಸೂರು. ಅಲ್ಲಿನ ಸ್ಟುಡಿಯೋದವರು ಕಪ್ಪುಬಿಳುಪು ಮುಗಿದು ಆರು ವರ್ಷವಾಯಿತು ಎಂದರು. ಮಾರನೇ ದಿನ ಎಚ್.ಡಿ. ಕೋಟೆ, ಅಲ್ಲಿಂದ ಅಂತರಸಂತೆಯವರೆಗೂ ಹೋದ. ಕಾಡಿನ ಕಡೆಯ ಲಾಡ್ಜಿಗೆ ಬರುವ ಟೂರಿಸ್ಟುಗಳ ಹತ್ತಿರವಾದರೂ ಇದ್ದೀತು ಎಂದು ಯಾರೋ ಹೇಳಿದ್ದರಂತೆ. ಗೇಟಿನ ಬಳಿ ಸಾಯಂಕಾಲದವರೆಗೆ ನಿಂತು ವಾಪಸು ಬಂದ. ಪ್ರತಿ ಸಲ ಬಂದು ನನಗೆ ವರದಿ ಒಪ್ಪಿಸುತ್ತಿದ್ದ, ಬಸ್ಸು ಎಷ್ಟು ಹೊತ್ತಿಗೆ ಸಿಕ್ಕಿತು ಎಂಬುದನ್ನೂ ಬಿಡದೆ. ದನಿಯಲ್ಲಿ ಏರಿಲ್ಲ, ಇಳಿವಿಲ್ಲ. ಆ ದನಿ ಕೇಳಲಾರದೆ ಮೂರನೇ ದಿನ ನಾನೂ ಬಾಗಿಲು ಹಾಕಿಕೊಂಡು ಅವನ ಜೊತೆ ಕೆ.ಆರ್. ನಗರಕ್ಕೆ ಹೊರಟೆ.

ಅಲ್ಲಿ ಚಿಕ್ಕಬಸಪ್ಪ ಎಂಬ ಹಿರಿಯರಿದ್ದರು. ಸ್ಟುಡಿಯೋ ಮುಚ್ಚಿ ಮನೆಯಲ್ಲಿ ರಾಗಿ, ಭತ್ತ ನೋಡಿಕೊಂಡಿದ್ದರು. ನಾವು ಬಂದ ಕಾರಣ ಕೇಳಿ, ಒಳಗೆ ಹೋಗಿ, ರಾಗಿ ತುಂಬಿದ ಮಣ್ಣಿನ ವಾಡೆಯೊಳಗೆ ಮೊಳಕೈಯವರೆಗೂ ಕೈಬಿಟ್ಟು ಕಪ್ಪುಬಿಳುಪು ರೋಲಿನ ಒಂದು ಡಬ್ಬಿ ತೆಗೆದರು. ರಾಗಿಯೊಳಗೆ ಬಿಸಿಲು ತಾಕುವುದಿಲ್ಲ, ಫಿಲಂ ತಣ್ಣಗಿರುತ್ತದೆ ಎಂಬುದು ಅವರ ಲೆಕ್ಕಾಚಾರ. ಮೇಲೆ ಬರೆದಿದ್ದ ಅವಧಿ ಮುಗಿದು ನಾಲ್ಕು ವರ್ಷ ಆಗಿತ್ತು.

"ಇದೊಂದೇ ಕಣಪ್ಪ ಉಳ್ದಿರೋದು. ನಾನಿಟ್ಕೊಂಡು ಯಾರ್ನ ತೆಗೀಲಿ, ತಗೊಂಡೋಗು," ಎಂದರು.

ಬಸ್ಸಿನಲ್ಲಿ ಚಲುವಯ್ಯ ಆ ಡಬ್ಬಿಯನ್ನು ಎರಡು ಕೈಯಲ್ಲೂ ಮುಚ್ಚಿಕೊಂಡು ಕೂತಿದ್ದ. ಅದರ ಮೇಲೆ ಇನ್ನೂ ಎರಡು ಕಾಳು ರಾಗಿ ಅಂಟಿತ್ತು.

ಮುಂದಿನದನ್ನು ನನಗೆ ಪ್ರಮೀಳಾ ಹೇಳಿದ್ದು. ಮಾರನೇ ದಿನ ಮಧ್ಯಾಹ್ನ ಅವನು ಬ್ಯಾರನ್ನಿನೊಳಗೆ ರೋಲು ಸೀಳಿ ಡಬ್ಬಿ ತುಂಬಿದ. ಅದರ ಮಾರನೇ ಬೆಳಗ್ಗೆ ಚಿಕ್ಕಬೀರಮ್ಮ ತಲೆ ಬಾಚಿಸಿಕೊಂಡು, ಮಗಳ ಮದುವೆಯಲ್ಲಿ ಉಟ್ಟಿದ್ದ ಸೀರೆ ಉಟ್ಟು, ಹೊರಗೆ ಬಂದಳು. ಎಲ್ಲೆಲ್ಲಿ ತೆಗೆಯಬೇಕೆಂದು ಅವಳೇ ಹೇಳಿದಳಂತೆ. ಹಸುವಿನ ಪಕ್ಕ ಒಂದು. ಸೊಪ್ಪು ಪೋಣಿಸುವ ಚಪ್ಪರದಡಿ ಕಡ್ಡಿ ಹಿಡಿದುಕೊಂಡು ಒಂದು. ಬ್ಯಾರನ್ನಿನ ಬಾಗಿಲಲ್ಲಿ ಒಂದು. "ಇದುರಾಗೆ ನನ್ ಅಲ್ಲು ಕಾಣ್ತದಾ?" ಎಂದು ಕೇಳಿ, ಕಾಣುತ್ತೆ ಎಂದ ಮೇಲೆ ಬಾಯಿ ಮುಚ್ಚಿಕೊಂಡು ನಕ್ಕಳಂತೆ. ಇಪ್ಪತ್ತು ಸಲ ಅವನು ಎಳೆದ, ಇಪ್ಪತ್ತು ಸಲ ಒತ್ತಿದ. ಅಪ್ಪ ಅವ್ವ ಅಷ್ಟು ಹೊತ್ತು ಒಟ್ಟಿಗೆ ಬಿಡುವಾಗಿ ಇದ್ದದ್ದನ್ನು ತಾನು ನೋಡಿಯೇ ಇರಲಿಲ್ಲ ಎಂದಳು ಪ್ರಮೀಳಾ.

ಹನ್ನೊಂದು ದಿನಕ್ಕೆ ಚಿಕ್ಕಬೀರಮ್ಮ ತೀರಿಕೊಂಡಳು. ಆಗ ಬ್ಯಾರನ್ನಿಗೆ ಮೊದಲ ಕೊಯ್ಲಿನ ಸೊಪ್ಪು ಏರಿಸಿ ಮೂರು ದಿನವಾಗಿತ್ತು. ಸೊಪ್ಪು ಒಳಗಿದ್ದರೆ ಬೆಂಕಿ ನಿಲ್ಲಿಸುವ ಹಾಗಿಲ್ಲ, ನಿಂತರೆ ಎಲ್ಲವೂ ಕಪ್ಪಾಗುತ್ತದೆ. ಚಲುವಯ್ಯ ಮಣ್ಣು ಮಾಡಿ ಬಂದು, ತಲೆಗೆ ನೀರು ಹುಯ್ದುಕೊಂಡು, ಒದ್ದೆ ಪಂಚೆಯಲ್ಲೇ ಹೋಗಿ ಒಲೆಗೆ ಸೌದೆ ಹಾಕಿದ. ಗಾಜಿನಲ್ಲಿ ಶಾಖ ನೋಡಿದ. ಮತ್ತೆ ಒಂದು ಕೊರಡು ಹಾಕಿದ. ಇವನೇನು ಮನುಷ್ಯನೋ ಕಲ್ಲೋ ಎಂದು ನೆಂಟರು ಆಡಿಕೊಂಡರು. ನಾನೂ ಹಾಗೇ ಅಂದುಕೊಂಡೆ, ಸುಳ್ಳು ಯಾಕೆ ಹೇಳಲಿ.

ಐದನೇ ದಿನ ನನ್ನ ಅಂಗಡಿಗೆ ಬಂದು ಡಬ್ಬಿಯನ್ನು ಕೌಂಟರಿನ ಮೇಲಿಟ್ಟ.

"ತೊಳೀರಿ," ಎಂದ. "ಮಾರ್ಲಮಿ ಅಬ್ಬುಕ್ಕೆ ಬೇಕು."

ಮಾರ್ಲಮಿ ಎಂದರೆ ನಮ್ಮ ಕಡೆ ಹಿರಿಯರ ಹಬ್ಬ. ಪಿತೃಪಕ್ಷದ ಅಮಾವಾಸ್ಯೆಯಂದು ಸತ್ತವರಿಗೆ ಇಷ್ಟವಾದದ್ದೆಲ್ಲ ಮಾಡಿ, ಹೊಸ ಬಟ್ಟೆ ಇಟ್ಟು, ಅವರ ಫೋಟೋದ ಮುಂದೆ ಎಡೆ ಹಾಕುತ್ತಾರೆ. ಹಬ್ಬಕ್ಕೆ ಇನ್ನೂ ಮೂರು ತಿಂಗಳಿತ್ತು. ಅವನ ಮುಖ ನೋಡಿದೆ. ಅಲ್ಲಿ ದುಃಖವೂ ಇರಲಿಲ್ಲ, ಏನೂ ಇರಲಿಲ್ಲ. ಬಾಡಿಗೆ ಮನೆ ಖಾಲಿ ಮಾಡಿ ಹೋದ ಮೇಲೆ ಗೋಡೆ ಇರುತ್ತದಲ್ಲ, ಹಾಗಿತ್ತು.

ಅವನು ಹೋದ ಕೂಡಲೇ ತೊಳೆಯಲು ಕೂತೆ. ಹೊಸ ಕೆಮಿಕಲ್ಲು ಕಲಸಿದೆ, ಕೈ ಮೂರು ಸಲ ತೊಳೆದುಕೊಂಡೆ. ಕತ್ತಲೆಯಲ್ಲಿ ಪಟ್ಟಿಯ ಎರಡು ತುದಿ ಹಿಡಿದು ತಟ್ಟೆಯಲ್ಲಿ ಮೇಲೆ ಕೆಳಗೆ ಆಡಿಸಿದೆ. ದೀಪ ಹಾಕಿ ನೋಡಿದರೆ ಪಟ್ಟಿ ಈ ತುದಿಯಿಂದ ಆ ತುದಿಯವರೆಗೂ ಕಪ್ಪು. ಹಸು ಇಲ್ಲ, ಚಪ್ಪರ ಇಲ್ಲ, ಚಿಕ್ಕಬೀರಮ್ಮ ಇಲ್ಲ. ಬೆಳಕು ಬಿದ್ದು ಪೂರ್ತಿ ಸುಟ್ಟುಹೋದ ಫಿಲಂ. ಹನ್ನೆರಡು ವರ್ಷದಲ್ಲಿ ಅವನ ಒಂದು ಪಟ್ಟಿಯೂ ಹೀಗೆ ಕೆಟ್ಟಿರಲಿಲ್ಲ.

ನನ್ನ ಕೈಯಿಂದಲೇ ಆಯಿತು ಎಂದುಕೊಂಡೆ. ನಿಮ್ಮ ಕತ್ತಲೆ ತೂತು ಎಂದು ಅವನು ಅಂದೇ ಹೇಳಿರಲಿಲ್ಲವೇ. ಬಾಗಿಲ ಸಂದಿಗೆಲ್ಲ ಬೆರಳಾಡಿಸಿ ನೋಡಿದೆ. ಒಂದು ಕಡೆ ಮರದ ಬಿರುಕು ಸಿಕ್ಕಿತು. ಅದು ಎಂದಿನಿಂದ ಇತ್ತೋ ಗೊತ್ತಿಲ್ಲ. ಅವತ್ತೇ ಬಡಗಿಯನ್ನು ಕರೆಸಿ ಮುಚ್ಚಿಸಿದೆ, ದನ ಕಳೆದುಕೊಂಡ ಮೇಲೆ ಕೊಟ್ಟಿಗೆಗೆ ಅಗಳಿ ಹಾಕಿದ ಹಾಗೆ.

ಆಮೇಲೆ ಮೂರು ತಿಂಗಳು ನಾನು ಮಾಡಿದ್ದು ಹೇಡಿ ಕೆಲಸ. ಅವನು ಬಂದಾಗಲೆಲ್ಲ ಕೆಮಿಕಲ್ಲು ಬಂದಿಲ್ಲ ಎಂದೆ, ಪೇಪರು ಬಂದಿಲ್ಲ ಎಂದೆ, ಕಣ್ಣು ನೋವು ಎಂದೆ. ಅವನು ಒಂದು ಸಲವೂ ಯಾಕೆ ಎಂದು ಕೇಳಲಿಲ್ಲ. "ಆಗ್ಲಿ ಬುಡಿ, ನಿಧಾನುಕ್ಕೆ ತೊಳೀರಿ," ಎಂದು ಹೊರಟುಹೋಗುತ್ತಿದ್ದ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಮಾರ್ಲಮಿ ಅಮಾವಾಸ್ಯೆಯ ದಿನ ನನ್ನನ್ನು ಊಟಕ್ಕೆ ಕರೆದಿದ್ದ. ತಪ್ಪಿಸಿಕೊಳ್ಳಬಹುದಿತ್ತು. ಆದರೆ ಮನುಷ್ಯನಿಗೆ ಸಾಕಾಗಿಬಿಡುತ್ತದೆ. ಪಟ್ಟಿಯನ್ನು ಕವರಿನಲ್ಲಿಟ್ಟುಕೊಂಡು ಮಧ್ಯಾಹ್ನದ ಹೊತ್ತಿಗೆ ಹೋದೆ. ನಡುಮನೆಯಲ್ಲಿ ಬಾಳೆಲೆ ಹಾಸಿತ್ತು. ಮುದ್ದೆ, ಕೋಳಿಸಾರು, ಕಜ್ಜಾಯ, ಎಲೆ ಅಡಿಕೆ, ಹಸಿರು ಸೀರೆಯೊಂದು. ಅತ್ತೆಯ ಫೋಟೋವನ್ನು, ನಾನು ತೆಗೆದ ಅದೇ ಫೋಟೋವನ್ನು, ಗೋಡೆಯಿಂದ ಇಳಿಸಿ ಹೂ ಹಾಕಿದ್ದರು. ಅದರ ಪಕ್ಕದಲ್ಲಿ ಒಂದು ಮಣೆ ಖಾಲಿ ಇತ್ತು. ಮಣೆಯ ಮುಂದೆ ಎರಡು ಸೆಲ್ಲಿನ ಹಳೆಯ ಬ್ಯಾಟರಿಯೊಂದನ್ನು ತೊಳೆದು ಕುಂಕುಮ ಇಟ್ಟಿದ್ದರು. ಪ್ರಮೀಳಾ ಒಳಗೆ ಒಲೆಯ ಹತ್ತಿರ ಇದ್ದಳು.

ನಾನು ಕವರು ಕೊಟ್ಟು, "ಚಲುವಯ್ಯ, ನನ್ನಿಂದ ಹಾಳಾಯ್ತು. ನನ್ನ ಕೋಣೆಯಲ್ಲಿ ಬೆಳಕು ಬಿತ್ತು. ಒಂದೂ ಬಂದಿಲ್ಲ," ಎಂದೆ.

ಅವನು ಪಟ್ಟಿ ತೆಗೆದು ಬಾಗಿಲ ಬೆಳಕಿಗೆ ಹಿಡಿದು ಒಂದು ತುದಿಯಿಂದ ಇನ್ನೊಂದು ತುದಿಯವರೆಗೂ ನೋಡಿದ.

"ನಿಮ್ಮಿಂದಲ್ಲ ಕಣಪ್ಪ. ಇದು ತುಂಬೋಕು ಮುಂಚೇನೇ ಓಗಿತ್ತು."

ಆಮೇಲೆ ಹೇಳಿದ, ಬಸ್ಸಿನ ವರದಿ ಒಪ್ಪಿಸುತ್ತಿದ್ದ ಅದೇ ದನಿಯಲ್ಲಿ. ಆ ಮಧ್ಯಾಹ್ನ ಬ್ಯಾರನ್ನನ್ನು ಹೊಸ ಸೊಪ್ಪಿಗೆ ಸಾರಿಸಿ ಅಣಿಮಾಡಿದ್ದರು. ಗಾಜಿಗೆ ತುರುಕಿದ್ದ ಗೋಣಿತಾಟು ತೆಗೆದು, ಗಾಜು ಒರೆಸಿ, ಥರ್ಮಾಮೀಟರು ಕಟ್ಟಿದ್ದರು. ಇವನು ಹೊರಗಿನಿಂದ ಗಾಜಿನ ಮೇಲೆ ತನ್ನ ಟವೆಲ್ಲು ನೇತುಹಾಕಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡ. ಬಾಗಿಲು ಕಾಯಲು ಯಾರೂ ಇರಲಿಲ್ಲ, ಪ್ರಮೀಳಾ ನೀರಿಗೆ ಹೋಗಿದ್ದಳು, ಕಾಯುವವಳು ಮಾತ್ರೆಯ ಮಂಪರಿನಲ್ಲಿ ಮಲಗಿದ್ದಳು. ರೋಲು ಪೂರ್ತಿ ಸೀಳಿ ಪಟ್ಟಿಯನ್ನು ಗಳಕ್ಕೆ ಇಳಿಬಿಟ್ಟಿದ್ದ. ಅಷ್ಟರಲ್ಲಿ ಚಿಕ್ಕಬೀರಮ್ಮನಿಗೆ ಎಚ್ಚರವಾಗಿದೆ. ಬ್ಯಾರನ್ನಿನ ಬಾಗಿಲು ಹಾಕಿರುವುದು ಕಂಡಿದೆ. ಬಾಗಿಲು ಹಾಕಿದೆ ಎಂದರೆ ಸೊಪ್ಪು ಏರಿದೆ, ಸೊಪ್ಪು ಏರಿದ ಮೇಲೆ ಗಳಿಗೆಗೊಮ್ಮೆ ಶಾಖ ನೋಡಬೇಕು. ಮೂವತ್ತು ವರ್ಷ ಅದನ್ನು ನೋಡಿದವಳು ಅವಳು. ಗೋಡೆ ಹಿಡಿದುಕೊಂಡು ಬಂದು, ಟವೆಲ್ಲು ಎತ್ತಿ, ಗಾಜಿನೊಳಗೆ ಬ್ಯಾಟರಿಯ ಬೆಳಕು ಬಿಟ್ಟಳು.

"ಎಂಬತ್ತೂ ದಾಟಿಲ್ಲ ಕಣ. ಸೌದೆ ಸಾಲ್ದು, ಇನ್ನೊಂದೆರ್ಡ್ ಆಕು ಅಂದ್ಲು. ಬೆಳಕು ನೆಟ್ಟುಗೆ ಫಿಲಮ್ಮಿನ್ ಮ್ಯಾಲೇ ಇತ್ತು."

"ನೀನೇನಂದೆ?"

"ಒಳಗಿಂದ್ಲೇ ಊಂ, ಆಕ್ತೀನಿ ಅಂದೆ. ಓಗಿ ಮನೀಕೊಂಡ್ಲು."

ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಯಾರ ಮೇಲೆ ಎಂದು ಗೊತ್ತಿಲ್ಲ. "ಮತ್ತೆ ಕೆಟ್ಟ ಫಿಲಂ ಅಂತ ಗೊತ್ತಿದ್ದೂ ತುಂಬಿದೆಯಾ? ಇಪ್ಪತ್ತು ಫೋಟೋ ಹೊಡೆದೆಯಾ? ಹೇಳಿದ್ದರೆ ಇನ್ನೊಂದು ರೋಲು ಹುಡುಕುತ್ತಿದ್ದೆವಲ್ಲೋ!"

"ಎಲ್ಲಿತ್ತು ಇನ್ನೊಂದು? ಯೋಳುದ್ರೆ ಯಾಕ್ ಕೆಡ್ತು ಅಂತ್ಲೂ ಯೋಳ್ಬೇಕಲ್ಲ. ಅದ್ನೇ ನೆನಸ್ಕೊಂಡು ಓಗೋಳು." ಪಟ್ಟಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದ. "ದಿನಾ ಕೇಳೋಳು, ತೊಳ್ದಾಯ್ತಾ ಅಂತ. ಮಹೇಂದ್ರಪ್ಪ ತೊಳೀತಾವ್ರೆ ಅನ್ನೋನು. ಡಬ್ಬಿ ಇಲ್ಲೇ ನನ್ ಜೇಬ್ನಾಗೇ ಇತ್ತು. ಅದುಕ್ಕೇ ನಿಮ್ಗೆ ತಂದುಕೊಟ್ಟಿದ್ದು, ಅವಳಿಗೆ ಅಂದಿದ್ದು ಸುಳ್ಳಾಗ್ಬಾರ್ದು ಅಂತ."

ಒಳಗಿನಿಂದ ಪ್ರಮೀಳಾ ಧೂಪದ ಕೆಂಡ ತಂದಳು. ಚಲುವಯ್ಯ ಎದ್ದು ಹೋಗಿ, ಸುತ್ತಿದ ಪಟ್ಟಿಯನ್ನು ಖಾಲಿ ಮಣೆಯ ಮೇಲೆ, ಹಸಿರು ಸೀರೆಯ ಪಕ್ಕ ಇಟ್ಟ. ಧೂಪ ಹಾಕಿದ. ಅಂಗೈಯನ್ನು ನೆಲಕ್ಕೆ ಊರಿ ಕೂತು, ಎದುರಿಗೆ ಅವಳೇ ಇದ್ದಾಳೆ ಎಂಬಂತೆ ಹೇಳಿದ:

"ತಗಾ, ಮಹೇಂದ್ರಪ್ಪ ತೊಳ್ಕೊಟ್ರು. ಇಪ್ಪತ್ತೂ ಚೆಂದಾಗಿ ಬಂದವೆ ಕಣ. ನಿನ್ ಅಲ್ಲೂ ಕಾಣ್ತದೆ."

ನಾನು ಗೋಡೆಯ ಕಡೆ ತಿರುಗಿದೆ. ಅವನು ಎದ್ದು ಬಂದು ನನ್ನ ಎದುರಿಗೆ ಎಲೆ ಹಾಕಿ, ಮುದ್ದೆ ಇಟ್ಟು, ಆರಿಹೋಗುತ್ತದೆ ಉಣ್ಣಿ ಎಂದ.